ಅರಿಸಿನ ಬಣ್ಣದ ಜುಬ್ಬ

ಭಾದ್ರಪದದ ಕೊನೆಯ ಬಿಸಿಲು! ಮಳೆಯಲ್ಲಿ ಮಿಂದ ಆಕಾಶದಂಚಿನಿಂದ ಇಳಿದು, ಮರಳೂರು ಕೆರೆಯ ಮೇಲೆ ಹೊನ್ನಿನ ಹುಡಿ ಚೆಲ್ಲಿ, ಬಡಾವಣೆಯ ಕಿಟಕಿಗಾಜುಗಳಲ್ಲಿ ಒಂದೊಂದಾಗಿ ದೀಪ ಹಚ್ಚುತ್ತ ಬಂದ ಆ ಸಂಧ್ಯಾಕಿರಣ, ಪಡುವಣದಲ್ಲಿ ಕವಿಯುತ್ತಿದ್ದ ಕಾರ್ಮುಗಿಲಿಗೆ ಅಂಜಿದಂತೆ ಒಮ್ಮೆಲೇ ಮಾಸಿತು. ಸುರಿಯಲೊಲ್ಲದ, ಚದುರಲೂ ಒಲ್ಲದ ಆ ಮೋಡದ ಭಾರವೇ ಸಂಹಿತಾಳ ಎದೆಯೊಳಗೂ ತುಂಬಿತ್ತು...

ನವರಾತ್ರಿ ಹೊಸ್ತಿಲಲ್ಲಿತ್ತು. ಅತ್ತೆ ಅಲಮೇಲಮ್ಮ ಗುಬ್ಬಿಯಿಂದ ಕಳುಹಿಸಿದ್ದ ಪಟ್ಟದ ಗೊಂಬೆಗಳು, ರಕ್ತಚಂದನದ ಆ ರಾಜರಾಣಿಯರು, ನಡುಮನೆಯಲ್ಲಿ ಉಡುಗೆಯಿಲ್ಲದೆ ನಿಂತಿದ್ದರು. ಅವರ ಹಳೆಯ ಪೀತಾಂಬರ ಮುಟ್ಟಿದೊಡನೆ ಪುಡಿಯಾಗಿತ್ತು. ಮನೆಯ ಮಕ್ಕಳ ಬಟ್ಟೆಯಲ್ಲೇ ಗೊಂಬೆಗಳಿಗೆ ಹೊಲಿಯುವುದು ಆ ವಂಶದ ಪದ್ಧತಿ. ಏಳು ವರ್ಷದ ಮಗಳು ಶ್ರೀವಾಣಿಗೆ ಗಿಡ್ಡವಾಗಿದ್ದ ಕೆಂಪು ರೇಷ್ಮೆ ಲಂಗದ ಹೊಲಿಗೆ ಬಿಚ್ಚಿ, ಸಂಹಿತಾ ರಾಣಿಗೆ ನೆರಿಗೆಯ ಸೀರೆ ಉಡಿಸಿದಳು. ಜರಿಯಂಚಿನಲ್ಲಿ ಪುಟ್ಟ ರವಿಕೆ ಮಾಡಿದಳು. ರಾಜನಿಗೆ?

ಬಟ್ಟೆ ಪೆಟ್ಟಿಗೆಯ ತಳದಲ್ಲಿ ಅರಿಸಿನ ಬಣ್ಣದ, ಎಳೆಗೂಸಿನ ಜುಬ್ಬವೊಂದು ಕೈಗೆ ಸಿಕ್ಕಿತು. ಯಾರೂ ತೊಡದ ಜುಬ್ಬ! ಕಳೆದ ವರ್ಷ ಒಡಲಲ್ಲಿ ಎರಡನೆಯ ಜೀವ ಮಿಡಿಯುತ್ತಿದ್ದಾಗ, ಗಂಡೋ ಹೆಣ್ಣೋ ಎಂದು ತಿಳಿಯುವವರೆಗೂ ಕಾಯಲಾರದೆ ಗಂಡ ವಾದಿರಾಜ ತಂದದ್ದು. ಆ ಮೊಗ್ಗು ಅರಳುವ ಮುನ್ನವೇ ಉದುರಿತು... ಅಂದಿನಿಂದ ಅವನು ಅದರ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ.

"ಅಮ್ಮಾ, ಇದು ಯಾರ್ದು?" ಎಂದಳು ಶ್ರೀವಾಣಿ.

"ಯಾರ್ದೂ ಅಲ್ಲ ಕಣೇ."

ಹಾಗೆಂದವಳೇ, ಕಣ್ಣೀರು ಮಗುವಿಗೆ ಕಾಣದಿರಲೆಂದು ತಲೆ ಬಗ್ಗಿಸಿ, ಕತ್ತರಿ ಆಡಿಸಿಬಿಟ್ಟಳು. ಆಮೇಲೆ ಹುಟ್ಟಿತು ಭಯ! ಕೇಳದೆ ಕತ್ತರಿಸಿದೆನಲ್ಲ... ಇನ್ನೊಂದು ಮಗುವಿನ ಆಸೆಯನ್ನೇ ನಾನು ಕೈಬಿಟ್ಟೆನೆಂದು ಅವರು ತಿಳಿದರೆ? ಹೊಲಿಯುವ ಬೆರಳಿಗೆ ಸೂಜಿ ಚುಚ್ಚಿತು. ಬೀದಿಯ ಒಂದೊಂದು ಹೆಜ್ಜೆಯ ಸಪ್ಪಳಕ್ಕೂ ಬಾಗಿಲತ್ತ ತಿರುಗಿ ನೋಡಿದಳು.

ಕುಣಿಗಲ್ಲಿನ ಕಾಲೇಜಿನಲ್ಲಿ ಪಾಠ ಮುಗಿಸಿ ವಾದಿರಾಜ ಬಂದಾಗ ರಾಜನ ಮೈಮೇಲೆ ಅಂಗಿಯಿತ್ತು. ಒಂದು ತೋಳು ಮಾತ್ರ ಬಾಕಿ.

"ಅಪ್ಪಾ, ರಾಜಂಗೆ ಹೊಸ ಅಂಗಿ! ಆ ಜುಬ್ಬ ಯಾರ್ದೂ ಅಲ್ವಂತೆ, ಅದಕ್ಕೇ ಅಮ್ಮ ಕತ್ತರಿಸಿದ್ಲು."

ಅವನ ಮುಖ, ಗಾಳಿ ಬಡಿದ ದೀಪದಂತೆ, ಒಮ್ಮೆ ಕುಗ್ಗಿತು.

"ರೀ... ನಿಮ್ಮನ್ನ ಕೇಳ್ಬೇಕಿತ್ತು," ಎಂದಳು ಸಂಹಿತಾ.

ಅವನು ಕೈಚೀಲ ಕೆಳಗಿಟ್ಟ. ಬಚ್ಚಲಿಗೆ ಹೋದ. ನೀರು ಬೀಳುವ ಸದ್ದು ನಿಂತ ಮೇಲೂ ಅವನು ಬರಲಿಲ್ಲ. ಬಾಗಿಲ ಬಳಿ ಹೋಗಿ ಕರೆಯಲೇ? ಕರೆದು ಹೇಳುವುದಾದರೂ ಏನನ್ನು?

ಕೊನೆಗೆ ಬಂದವನು ನೆಲದ ಮೇಲೆ ಕುಳಿತು ಮಗಳನ್ನು ತೊಡೆಗೆ ಎಳೆದುಕೊಂಡ.

"ಯಾರ್ದೂ ಅಲ್ಲ ಅನ್ಬಾರ್ದು ಪುಟ್ಟಿ. ನಿಂಗೊಂದು ತಂಗೀನೋ ತಮ್ಮನೋ ಬರ್ಬೇಕಿತ್ತು. ಆ ಮಗೂದು ಅದು."

"ಬರ್ಲಿಲ್ವಾ?"

"ಬರ್ಲಿಲ್ಲ."

ಆ ಮನೆಯೊಳಗೆ ಆ ಮಾತನ್ನು ಯಾರಾದರೂ ಬಾಯಿಬಿಟ್ಟು ಆಡಿದ್ದು ಅದೇ ಮೊದಲು! ಸಂಹಿತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನೀನು ಮರೆತು ಸಮಾಧಾನವಾಗಿದೀಯ, ನಾನ್ಯಾಕೆ ನೆನಪು ಮಾಡ್ಲಿ ಅಂತ ಸುಮ್ನಿದ್ದೆ," ಎಂದ ವಾದಿರಾಜ.

"ನಾನೂ ಹಾಗೇ ಅಂದ್ಕೊಂಡಿದ್ದೆ ರೀ..."

ಅವನು ರಾಜನ ಗೊಂಬೆಯನ್ನೆತ್ತಿ, ಎಳೆಗೂಸನ್ನು ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದ.

"ತೋಳು ಹೊಲಿ. ನಾನು ಹಿಡ್ಕೊಂಡಿರ್ತೀನಿ."

ಅವಳು ಹೊಲಿಗೆ ಹಾಕಿದಳು. ಇನ್ನೊಂದು ಮಗುವಿನ ಮಾತನ್ನು ಅವನು ಆಡಲಿಲ್ಲ, ಅವಳು ಕೇಳಲಿಲ್ಲ. ಆ ಅಂಜಿಕೆ ಅಲ್ಲೇ ಉಳಿಯಿತು. ಆದರೆ ಈಗ ಅದು ಇಬ್ಬರದೂ ಆಗಿತ್ತು.

ಸಹೃದಯರೇ, ಒಲಿದವರನ್ನು ನೋಯಿಸಬಾರದೆಂಬ ಕಳವಳದಲ್ಲೇ ಒಲವು ಎಷ್ಟೋ ಸಲ ಮೂಕವಾಗಿಬಿಡುತ್ತದೆ! ಒಂದೇ ಸೂರಿನಡಿ ಎರಡು ಹೃದಯಗಳು ಒಂದೇ ದುಃಖವನ್ನು ಪರಸ್ಪರ ಬಚ್ಚಿಟ್ಟು ಬಳಲುತ್ತವೆ... ದುಃಖ ಹಂಚಿಕೊಂಡರೆ ಹಗುರವಾಗುವುದೋ ಇಲ್ಲವೋ, ಬಲ್ಲವರಾರು? ಅದನ್ನು ಹೊತ್ತವರು ಮಾತ್ರ ಒಂಟಿಯಾಗಿ ಉಳಿಯುವುದಿಲ್ಲ.