ಬೆಣೆ ಇಲ್ಲದ ಅಚ್ಚು

ದಾವಲ್‌ಸಾಬ್ ಎಡಗೈಯಲ್ಲಿ ವಿರೂಪಾಕ್ಷಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ವಿರೂಪಾಕ್ಷಪ್ಪ ತಂದಿದ್ದ ಹಾರ ಕಾಲ್ತುಳಿತಕ್ಕೆ ಸಿಕ್ಕಿತು.

"ಕೊಂದು ಹಾರ ಹಾಕಾಕ ಬಂದೀಯೇನಲೇ?"

ಅವನ ಮೊಂಡಗೈ ವಿರೂಪಾಕ್ಷಪ್ಪನ ಬಾಯಿಗೆ ಬಡಿಯಿತು. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ವಿರೂಪಾಕ್ಷಪ್ಪ ಕೈ ಎತ್ತಲಿಲ್ಲ.

ಮಸ್ಕಿಯ ಆ ಮನೆಯ ಕಟ್ಟೆಯ ಮೇಲೆ ಕಮ್ಮಾರ ಯಂಕೋಬನ ಹೆಣವನ್ನು ಕೂಡಿಸಿದ್ದರು. ಎದೆಗೆ ಸುತ್ತಿದ ಬಟ್ಟೆಯಲ್ಲಿ ಅಂಗೈಯಷ್ಟಗಲ ಕಂದು ಕಲೆಯಿತ್ತು.

"ಬಿಡೋ ಅಣ್ಣಾ," ಎಂದಳು ಯಂಕೋಬನ ಹೆಂಡತಿ ಗಾಳೆಮ್ಮ. "ಹೆಣದ ಮುಂದ ಬ್ಯಾಡ."

"ಇವನ ಕಾರ್ಖಾನ್ಯಾಗ ಸತ್ತಾನ ತಂಗೀ. ಹೆಂಗ ಬಿಡ್ಲಿ?"

* * *

1986ರಲ್ಲಿ ಯಂಕೋಬ, ದಾವಲ್‌ಸಾಬ್ ಇಬ್ಬರೂ ಸಿಂಧನೂರಿನಲ್ಲಿ ವಿರೂಪಾಕ್ಷಪ್ಪನ ಕಾರ್ಖಾನೆಯ ಆಳುಗಳು. ನಾಟಿಯ ಹಂಗಾಮಿನಲ್ಲಿ ಬಳಗಾನೂರು, ದಢೇಸುಗೂರಿನ ಟ್ರ್ಯಾಕ್ಟರುಗಳು ರಿಪೇರಿಗೆ ಬಾಗಿಲಲ್ಲೇ ಸಾಲುಗಟ್ಟುತ್ತಿದ್ದವು. ಕರೆಂಟಿನಿಂದ ನಡೆಯುವ ಪವರ್ ಹ್ಯಾಮರಿನಲ್ಲಿ ಕಾದ ಕಬ್ಬಿಣಕ್ಕೆ ಆಕಾರ ಕೊಡುವ ಅಚ್ಚು ಬದಲಿಸಬೇಕೆಂದರೆ ಅದನ್ನು ಬಿಗಿದ ಬೆಣೆಗಳನ್ನು ಹೊಡೆದು ಬಿಡಿಸಬೇಕು. ಅರ್ಧ ತಾಸಿನ ಕೆಲಸ.

"ಮೋಟಾರ್ ಬಂದ್ ಮಾಡಬ್ಯಾಡ್ರಿ, ಹಂಗಾ ಬಿಚ್ಚರಿ," ಎಂದ ವಿರೂಪಾಕ್ಷಪ್ಪ.

ದಾವಲ್‌ಸಾಬ್ ಬೆಣೆಗೆ ಕೈ ಹಾಕಿದ. ಹ್ಯಾಮರ್ ಇಳಿಯಿತು. ಬಲಗೈಯಲ್ಲಿ ಮಣಿಕಟ್ಟಿನಾಚೆ ಏನೂ ಉಳಿಯಲಿಲ್ಲ.

ಯಂಕೋಬ ಕುಲುಮೆಯ ಇಕ್ಕಳ ಬೀಸಿ ಮಾಲೀಕನ ದವಡೆ ಮುರಿದ. ಆರು ತಿಂಗಳು ಜೈಲಿನಲ್ಲಿದ್ದ. ಹೊರಬಂದವನು ಮಸ್ಕಿಯಲ್ಲಿ ಹಳೆಯ ಹ್ಯಾಮರೊಂದನ್ನು ಹೂಡಿ, ಎರಡು ವರ್ಷ ಒಂದೇ ಹಟಕ್ಕೆ ಬಿದ್ದ. ಕೆಳಗಿನ ಉಕ್ಕಿನ ದಿಮ್ಮಿಗೆ ಕಚ್ಚು ಕೊರೆದ. ಉದ್ದ ಹಿಡಿಕೆಯ ಅಚ್ಚು ಹೊರಗಿನಿಂದಲೇ ಜಾರಿ ಆ ಕಚ್ಚಿನಲ್ಲಿ ಕೂರುವಂತೆ ಮಾಡಿದ. ಮೇಲೊಂದು ಕೀಲು ಇಳಿಸಿದರೆ ಭದ್ರ. ಬೆಣೆಯೂ ಬೇಡ, ಹ್ಯಾಮರಿನ ಕೆಳಗೆ ಕೈಯೂ ಬೇಡ.

"ನೀ ಮಾಡು," ಎಂದು ದಾವಲ್‌ಸಾಬನನ್ನು ಮುಂದಕ್ಕೆ ಕರೆದ. "ಒಂದ ಕೈಲೆ ನಿನಗಾದ್ರ ಎಲ್ಲಾರಿಗೂ ಆಕ್ಕತಿ."

ದಾವಲ್‌ಸಾಬ್ ಬೀಡಿ ಆರುವುದರೊಳಗೆ ಮೂರು ಅಚ್ಚು ಬದಲಿಸಿದ. ಆಮೇಲೆ ಲಿಂಗಸುಗೂರಿನಿಂದ, ಗುರುಗುಂಟಾದಿಂದ ಬಂದ ಕಮ್ಮಾರರಿಗೆಲ್ಲ ಯಂಕೋಬ ಅದನ್ನು ಬಿಚ್ಚಿ ತೋರಿಸಿ ಕಳಿಸಿದ.

* * *

"ಹೊಡಿ, ಆದ್ರ ಮೊದಲು ಕೇಳು," ವಿರೂಪಾಕ್ಷಪ್ಪ ರಕ್ತ ಉಗಿದ. ಹಳೆಯ ಪೆಟ್ಟಿನ ದವಡೆಯಿಂದ ಮಾತು ವಾರೆಯಾಗಿ ಬರುತ್ತಿತ್ತು. "ಅವನ ಅಚ್ಚು ನೋಡಿ ನಾನೂ ಮಾಡಿಸಿದೆ. ಉಕ್ಕಿಗಿಂತ ಸೋವಿ ಆಕ್ಕತಿ ಅಂತ ಬೀಡು ಕಬ್ಬಿಣದಾಗ ಎರಕ ಹೊಯ್ಸಿದೆ. ನಿನ್ನೆ ಸುದ್ದಿ ಕೇಳಿ ತಾನಾ ಬಂದ. 'ಬೀಡು ಸಿಡೀತದ, ಬಂದ್ ಮಾಡು' ಅಂದ. ನಾ ನಕ್ಕು ಅವನ ಮುಂದಾ ಹ್ಯಾಮರ್ ಚಾಲೂ ಮಾಡಿದೆ. ಎರಡನೇ ಏಟಿಗೆ ಅಚ್ಚಿನಾಗ ಸೀಳು ಬಿತ್ತು. ಅವ ನೋಡಿದ, ನಾ ನೋಡ್ಲಿಲ್ಲ."

"ಆಮ್ಯಾಲೆ?"

"ನನ್ನ ನೂಕಿದ. ಅಚ್ಚಿಂದ ಸಿಡಿದ ತುಂಡು ನನ್ನ ಎದಿಗೆ ಬರೋದಿತ್ತು, ಅವನ ಎದಿಗೆ ಹೊಕ್ಕತು."

ದಾವಲ್‌ಸಾಬನ ಹಿಡಿತ ಸಡಿಲಾಯಿತು. ಗಾಳೆಮ್ಮ ಎದ್ದು ಬಂದು ವಿರೂಪಾಕ್ಷಪ್ಪನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಕೈ ಸೋತಾಗ ಕೇಳಿದಳು:

"ಅಂಥಾವು ಇನ್ನಾ ಎಷ್ಟು ಅದಾವ?"

"ಐದು, ತಾಯಿ. ನನ್ನ ಕಾರ್ಖಾನ್ಯಾಗಾ ಅದಾವ."

"ದಾವಲಣ್ಣಾ, ಮಣ್ಣು ಕೊಟ್ಟ ಮ್ಯಾಲೆ ನೀ ಹೋಗು. ಒಂದೂ ಉಳೀಬಾರದು."

* * *

ಮಧ್ಯಾಹ್ನ ಮಣ್ಣಾಯಿತು. ಇಳಿಹೊತ್ತಿಗೆ ವಿರೂಪಾಕ್ಷಪ್ಪ ಐದೂ ಅಚ್ಚುಗಳನ್ನು ತಾನೇ ಹೊತ್ತು ತಂದು ಸಿಂಧನೂರಿನ ಕಾರ್ಖಾನೆಯ ಹಿತ್ತಿಲಲ್ಲಿ ಇಟ್ಟ. ದಾವಲ್‌ಸಾಬ್ ಸುತ್ತಿಗೆಯನ್ನು ಎಡಗೈಯಲ್ಲಿ ಹಿಡಿದು, ಹಿಡಿಕೆಗೆ ಮೊಂಡಗೈ ಒತ್ತಿ ಎತ್ತುತ್ತಿದ್ದ. ನಾಲ್ಕು ಒಡೆದವು. ಒಂದು ಚೂರು ಹಾರಿ ಅವನ ಮೊಣಕಾಲು ಸೀಳಿತು. ಅವನು ನಿಲ್ಲಿಸಲಿಲ್ಲ.

ಐದನೆಯದು ಏಟಿಗೆ ಸಿಗದೆ ಹೊರಳುತ್ತಿತ್ತು. ವಿರೂಪಾಕ್ಷಪ್ಪ ಕುಕ್ಕರುಗಾಲಲ್ಲಿ ಕುಳಿತು ಅದನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ ಹಿಡಿದ.

ಸುತ್ತಿಗೆ ಮೇಲೆಯೇ ನಿಂತಿತು.

"ಕೈ ತೆಗಿ."

ವಿರೂಪಾಕ್ಷಪ್ಪ ಅಚ್ಚನ್ನು ಇನ್ನಷ್ಟು ಬಿಗಿಯಾಗಿ ಒತ್ತಿದ.

"ಕೈ ತೆಗೀಲೇ!"

ಬೆರಳುಗಳು ಸರಿಯಲಿಲ್ಲ. ಸುತ್ತಿಗೆ ಬೀಸಿ ಬಂದು, ಆ ಬೆರಳುಗಳಿಂದ ಗೇಣು ಆಚೆ, ಬರಿ ನೆಲದಲ್ಲಿ ಹೂತುಹೋಯಿತು.