ಒಂಬತ್ತು ಬಕೆಟ್ಟಿನ ಹಬ್ಬ

ಹಾರ್ಬಿನ್ನಿನ ಡಿಸೆಂಬರ್ ಚಳಿಗೆ ಮೂಗಿನೊಳಗಿನ ಕೂದಲೂ ಸೆಟೆದು ನಿಲ್ಲುತ್ತದೆ. ಅಂಥದ್ದರಲ್ಲಿ ಹದಾಸ್ ದಿನಾ ಸಂಜೆ ಬೀದಿಯಲ್ಲಿ ಮೇಣದಬತ್ತಿ ಹಚ್ಚಲು ಹೊರಡುತ್ತಿದ್ದಳು. ಈ ಹುಡುಗಿಗೆ ತಲೆ ಕೆಟ್ಟಿದೆ ಎಂದು ಹಾಸ್ಟೆಲ್ಲಿನವರು ಮಾತಾಡಿಕೊಂಡರೆ ಅವರದೇನೂ ತಪ್ಪಿಲ್ಲ.

ಅವಳು ಹೈಫಾದಿಂದ ಚೀನೀ ಭಾಷೆ ಕಲಿಯಲು ಬಂದವಳು. ಅವಳ ಅಜ್ಜಿ ಫಾನ್ಯಾ ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ತೊಂಬತ್ತರ ಆ ಮುದುಕಿ ನೆನಪಿನಿಂದಲೇ ಗೀಚಿಕೊಟ್ಟ ನಕ್ಷೆ ಹಿಡಿದು ಹದಾಸ್ ರಜೆಯ ದಿನಗಳಲ್ಲಿ ಊರೆಲ್ಲ ಸುತ್ತಿದ್ದಳು. ಕಲ್ಲುಹಾಸಿನ ದೊಡ್ಡ ಬೀದಿ, ಹೆಪ್ಪುಗಟ್ಟಿದ ನದಿ, ಈಗ ಸಂಗೀತ ಕಛೇರಿ ನಡೆಯುವ ಹಳೆಯ ಯಹೂದಿ ಪ್ರಾರ್ಥನಾ ಮಂದಿರ, ಎಲ್ಲ ಆಯಿತು. ಕೊನೆಗೆ ಅಜ್ಜಿಯ ಮನೆಯೂ ಸಿಕ್ಕಿತು. ಕೆಳಗಡೆ ಈಗ ಕಡುಬಿನ ಅಂಗಡಿ.

ಯಹೂದಿಗಳಾದ ಅವರ ಹನುಕ್ಕಾ ಹಬ್ಬದ ಎಂಟು ಸಂಜೆ ದಿನಕ್ಕೊಂದರಂತೆ ದೀಪ ಹೆಚ್ಚುತ್ತ ಹೋಗುತ್ತದೆ. ಅವು ಅರ್ಧ ಗಂಟೆಯಾದರೂ ಉರಿಯಬೇಕು, ದಾರಿಹೋಕರ ಕಣ್ಣಿಗೆ ಬೀಳಬೇಕು. ಯುದ್ಧದ ಕಾಲದಲ್ಲಿ ಫಾನ್ಯಾಳ ಅಪ್ಪ ಊರು ಹಿಡಿದಿದ್ದ ಸೈನಿಕರಿಗೆ ಹೆದರಿ, ಪರದೆ ಎಳೆದು, ಮೇಜಿನ ಅಡಿಯಲ್ಲಿ ದೀಪ ಹಚ್ಚುತ್ತಿದ್ದರಂತೆ. ಸಾಯುವುದರೊಳಗೆ ಒಮ್ಮೆ ಆ ಮನೆಯ ಬಾಗಿಲಲ್ಲಿ ದೀಪ ನೋಡಬೇಕು ಎಂದು ಅಜ್ಜಿ ಕೇಳಿದ್ದಳು. ಹದಾಸ್ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಿದ್ದಳು.

ಕಡುಬಿನ ಅಂಗಡಿಯವನು ಒಪ್ಪಿದ. ಗಾಳಿ ಒಪ್ಪಲಿಲ್ಲ. ಏಳು ಸಂಜೆ ಹಚ್ಚಿದಳು, ಏಳು ಸಂಜೆಯೂ ಎರಡು ನಿಮಿಷ ತಡೆಯಲಿಲ್ಲ. ಫೋನಿನಲ್ಲಿ ನೋಡುತ್ತಿದ್ದ ಅಜ್ಜಿ ದಿನಾ "ಇರ್ಲಿ ಬಿಡು ಮಗಾ" ಅನ್ನುತ್ತಿದ್ದಳು. ಹದಾಸ್ ಮರುಸಂಜೆ ಮತ್ತೆ ಬತ್ತಿ ಹಿಡಿದು ಹೊರಡುತ್ತಿದ್ದಳು.

ಏಳನೆಯ ಸಂಜೆ ಮರಳಿದಾಗ ಹಾಸ್ಟೆಲ್ ಬಾಗಿಲಲ್ಲಿ ಛೂ ಚಿಕ್ಕಮ್ಮ ತಡೆದಳು. ಹುಡುಗಿಯರ ಹಾಸ್ಟೆಲ್ ಕಾಯುವ ಈ ಹೆಂಗಸು ಗಟ್ಟಿಗಿತ್ತಿ. ಕೋಣೆಯಲ್ಲಿ ಬೆಂಕಿ ಕೂಡದು ಎಂದು ಮೊದಲ ದಿನವೇ ಬತ್ತಿಯ ಡಬ್ಬ ಕಿತ್ತುಕೊಂಡು, ದಿನಕ್ಕಿಷ್ಟು ಎಂದು ಎಣಿಸಿ ಕೊಡುತ್ತಿದ್ದವಳು. ಇವತ್ತೂ ಆರಿಹೋಯಿತಾ ಎಂದು ಕೇಳಿದ್ದೇ ತಡ, ಹದಾಸ್ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು.

"ಗಾಳೀಲಿ ಬತ್ತಿ ಇಟ್ಟು ಗಾಳೀನೇ ಬೈತೀಯಲ್ಲೇ, ಓದಿದೋಳು ನೀನು!" ಅಂದಳು ಚಿಕ್ಕಮ್ಮ. "ಈ ಊರಲ್ಲಿ ದೀಪ ಹೆಂಗಿಡ್ತಾರೆ ಅಂತ ಒಂದು ಮಾತು ಯಾರನ್ನಾದ್ರೂ ಕೇಳಿದ್ಯಾ?"

ಬೆಳಗಾದರೆ ಮೂರನೆಯ ಮಹಡಿಯಲ್ಲಿ ರಂಪವೋ ರಂಪ. ಬಟ್ಟೆ ಒಗೆಯುವ ಬಕೆಟ್ಟುಗಳು, ಒಟ್ಟು ಒಂಬತ್ತು, ಮಾಯ! ಅವು ಹಿತ್ತಲಲ್ಲಿ ನೀರು ತುಂಬಿಕೊಂಡು ಸಾಲಾಗಿ ಕೂತಿದ್ದವು. ಅಂಚೆಲ್ಲ ಮಂಜುಗಡ್ಡೆ, ನಡುವೆ ಇನ್ನೂ ನೀರು. ಚಿಕ್ಕಮ್ಮ ಮೇಲಿನ ಪದರ ಕುಟ್ಟಿ ಒಡೆದು ನೀರು ಚೆಲ್ಲಿದಳು, ಬಕೆಟ್ಟಿನ ಮೈಗೆ ಬಿಸಿನೀರು ಸುರಿದು ಬೋರಲು ಹಾಕಿದಳು. ಒಳಗೆ ಟೊಳ್ಳಾದ ಮಂಜಿನ ಕೊಡ ಹೊರಬಂತು. ಅವಳ ಅಪ್ಪ ಹೊಸವರ್ಷಕ್ಕೆ ಮಾಡುತ್ತಿದ್ದದ್ದು ಹೀಗೆಯೇ ಅಂತೆ. ಹುಡುಗಿಯರು ಬಕೆಟ್ ಕೇಳಲು ಬಂದರೆ, ಸಂಜೆ ಕಡುಬಿನ ಅಂಗಡಿಗೆ ಬಂದು ಜಗಳವಾಡಿ ಎಂದು ಅಟ್ಟಿದಳು.

ನಾಲ್ಕೂವರೆಗೆ ಕತ್ತಲಾಯಿತು. ಒಂಬತ್ತು ಕೊಡಗಳನ್ನು ಜಾರುಬಂಡಿಗೆ ಹೇರಿ ಇಬ್ಬರೂ ಎಳೆದು ತಂದಿದ್ದರು. ಎಂಟು ಸಾಲಾಗಿ, ಉಳಿದವನ್ನು ಹೊತ್ತಿಸುವ ಒಂಬತ್ತನೆಯದು ಮೇಲಿನ ಮೆಟ್ಟಿಲಲ್ಲಿ. ಹದಾಸ್ ಕೊಡಗಳೊಳಗೆ ಬತ್ತಿಗಳನ್ನಿಟ್ಟು, ಮಂತ್ರ ಹೇಳಿ ಒಂದೊಂದೇ ಹಚ್ಚಿದಳು. ನದಿಯ ಗಾಳಿ ಬಂತು, ಮಂಜಿಗೆ ಬಡಿಯಿತು, ಬಂದ ದಾರಿಗೆ ಸುಂಕವಿಲ್ಲ ಅಂತ ಹೋಯಿತು. ಬತ್ತಿಗಳು ಒಮ್ಮೆ ಬಳುಕಿ ನೆಟ್ಟಗಾದವು.

ಚಿಕ್ಕಮ್ಮ ಗಡಿಯಾರ ನೋಡುತ್ತ ನಿಂತಳು. ಹತ್ತು ನಿಮಿಷ ಅಂದಳು, ಇಪ್ಪತ್ತು ಅಂದಳು. ಮೂವತ್ತೂ ಅಂದಳು. ಗೆದ್ದೆವು ಎಂದು ಹದಾಸ್ ಅವಳನ್ನು ತಬ್ಬಿಕೊಂಡು ಕುಣಿದಳು.

ಅಜ್ಜಿ ಫೋನಿನಲ್ಲಿ ಇಷ್ಟು ಹೊತ್ತೂ ನೋಡುತ್ತಲೇ ಇದ್ದಳು.

"ದೀಪ ನೋಡ್ದೆ ಮಗಾ. ಈಗ ಫೋನು ಬೀದಿ ಕಡೆ ತಿರುಗ್ಸು."

ಹದಾಸ್ ತಿರುಗಿಸಿದಳು. ಆಗಲೇ ಅವಳೂ ಸರಿಯಾಗಿ ನೋಡಿದ್ದು. ಬಕೆಟ್ಟಿಗಾಗಿ ಜಗಳಕ್ಕೆ ಬಂದ ಮೂರನೆಯ ಮಹಡಿಯ ಹುಡುಗಿಯರು ಜಗಳ ಮರೆತು ನಿಂತಿದ್ದರು. ಅಂಗಡಿಯ ಗಿರಾಕಿಗಳು ಕೈಯಲ್ಲಿ ಕಡುಬಿನ ತಟ್ಟೆ ಹಿಡಿದೇ ಹೊರಗೆ ಬಂದಿದ್ದರು. ಬಸ್ ನಿಲ್ದಾಣಕ್ಕೆ ಹೊರಟವರು ಬಸ್ ತಪ್ಪಿಸಿಕೊಂಡು ನೋಡುತ್ತಿದ್ದರು.

"ಎಷ್ಟು ಜನ ಇದಾರೆ?"

ಹದಾಸ್ ಎಣಿಸಿದಳು. ನಲವತ್ತೊಂದು.

ಅಜ್ಜಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಒಬ್ರು ನಿಂತು ನೋಡಿದ್ರೂ ನಮ್ಮಪ್ಪಂಗೆ ಸಾಕಿತ್ತು" ಅಂದಳು.