ಕೊನೆಯ ಸಲ ನೀರು ಕುಡಿದದ್ದು ಯಾವಾಗ?

ಆ ಭಾನುವಾರ ಸಂಗಮ್ಮ ಜೋಳದ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ಮಗಳು ರೂಪಾ ಸಿನ್ನರ್ ರಸ್ತೆಯಲ್ಲಿ ಓಡುತ್ತ ಓಡುತ್ತಲೇ ಬಿದ್ದುಬಿಟ್ಟಿದ್ದಳು.

ಹಿಟ್ಟಿನ ಕೈಯಲ್ಲೇ ಸಂಗಮ್ಮ ನಾಸಿಕ್ ರೋಡಿನ ದವಾಖಾನೆಗೆ ಬಂದಳು. ರೂಪಾಳಿಗೆ ಸಲೈನ್ ಹಚ್ಚಿದ್ದರು. ಇಪ್ಪತ್ತು ವರ್ಷದ ಹುಡುಗಿಯ ತುಟಿ ಒಣಗಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಮಹಿಬೂಬ ನಿಂತಿದ್ದ. ಹುಮನಾಬಾದ್ ಕಡೆಯವನು, ಇವರಂತೆಯೇ ಬೀದರ ಜಿಲ್ಲೆ ಬಿಟ್ಟು ಇಲ್ಲಿಗೆ ದುಡಿಯಲು ಬಂದವನು. ಸಿನ್ನರ್‌ನ ಕಾರ್ಖಾನೆಯಲ್ಲಿ ಸಂಗಮ್ಮನ ಗಂಡ ವಿಶ್ವನಾಥಪ್ಪನ ಜೊತೆ ಕೆಲಸ. ರಜೆಯ ದಿನ ಓಣಿಯ ಹುಡುಗಿಯರಿಗೆ ಓಟ ಕಲಿಸುತ್ತಿದ್ದ.

ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು: "ಕೊನೆಯ ಸಲ ಏನು ತಿಂದಿದ್ದೆ? ಕೊನೆಯ ಸಲ ನೀರು ಕುಡಿದದ್ದು ಯಾವಾಗ?"

ರೂಪಾ ಒಮ್ಮೆ ಅವ್ವನ ಕಡೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದಳು: "ನೆನಪಿಲ್ಲ ಮ್ಯಾಡಮ್. ಮರೆತೆ."

ಅದು ಸುಳ್ಳು. ಅದು ಗೊತ್ತಿದ್ದದ್ದು ಸಂಗಮ್ಮನಿಗೆ ಮಾತ್ರ.

ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ಹನಿ ನೀರೂ ಹಾಕಬಾರದು. ಇದು ಸಂಗಮ್ಮ ಭಾಲ್ಕಿಯ ತವರಿನಿಂದ ತಂದ ನೇಮ. ಮಗಳಿಗೆ ಎಂಟನೆಯ ವರ್ಷಕ್ಕೇ ಕಲಿಸಿದ್ದಳು. ಮಗಳು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಬೆವರುವುದಕ್ಕೆ ಹೊರಟವಳು ಮೊದಲೇ ಯಾಕೆ ಸ್ನಾನ ಮಾಡಿಯಾಳು? ಐದಕ್ಕೆ ಎದ್ದು ಹಾಗೇ ಓಡಲು ಹೋಗುವಳು. ತಿರುಗಿ ಬಂದು ಸ್ನಾನ, ಪೂಜೆ, ಆಮೇಲೆ ನಾಷ್ಟಾ. ರಾತ್ರಿ ಎಂಟಕ್ಕೆ ಉಂಡರೆ ಮತ್ತೆ ಬಾಯಿಗೆ ಏನಾದರೂ ಬೀಳುವುದು ಬೆಳಿಗ್ಗೆ ಎಂಟಕ್ಕೆ. ಹನ್ನೆರಡು ತಾಸು. ನಡುವೆ ಹದಿನೈದು, ಹದಿನಾರು ಕಿಲೋಮೀಟರ್ ಓಟ.

ಅವ್ವನ ಮರ್ಯಾದೆ ಉಳಿಸಲು ಮಗಳು ತನ್ನ ಮೇಲೆ ತಪ್ಪು ಹಾಕಿಕೊಂಡಿದ್ದಳು. ಸಂಗಮ್ಮ ಸುಮ್ಮನೆ ಕೈಗೆ ಒಣಗಿ ಹತ್ತಿದ ಹಿಟ್ಟು ಕೆರೆಯುತ್ತ ಕೂತಳು.

ಸಂಜೆ ಮನೆಯಲ್ಲಿ ವಿಶ್ವನಾಥಪ್ಪ ತೀರ್ಪು ಕೊಟ್ಟ. "ಸಾಕಾತು ಓಟ. ಸಂಭಾಜಿನಗರ ಬ್ಯಾಡ, ಏನೂ ಬ್ಯಾಡ."

ನಾಲ್ಕು ವಾರಕ್ಕೆ ಛತ್ರಪತಿ ಸಂಭಾಜಿನಗರದಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟವಿತ್ತು. ಒಂದು ತಾಸು ನಲವತ್ತು ನಿಮಿಷದೊಳಗೆ ಮುಗಿಸಿದ ಹುಡುಗಿಯರನ್ನು ಒಂದು ತರಬೇತಿ ಕೇಂದ್ರದವರು ಸೇರಿಸಿಕೊಳ್ಳುವವರಿದ್ದರು. ಎರಡು ವರ್ಷದಿಂದ ರೂಪಾ ಕಾದಿದ್ದು ಅದಕ್ಕೇ.

"ಪಪ್ಪಾ, ಪ್ಲೀಜ್..." ಎಂದಳು ರೂಪಾ.

"ನಮ್ಮ ಮುತ್ತ್ಯಾ ಭಾಲ್ಕಿಯಿಂದ ಬೀದರಕ್ಕ ನಡಕೋತ ಹೋಗ್ತಿದ್ದ. ಎಂದೂ ಬಿದ್ದಿಲ್ಲ. ನಿಮ್ಮ ಮೈಯಾಗ ತ್ರಾಣಿಲ್ಲ, ಓಡಾಕ ಹೋಗ್ತೀರಿ!"

ಓಆರ್‌ಎಸ್ ಪುಡಿಯ ಪೊಟ್ಟಣ ಹಿಡಿದು ಬಂದ ಮಹಿಬೂಬ ಬಾಗಿಲಲ್ಲೇ ನಕ್ಕ. "ಹೋಗ್ತಿದ್ದ್ರು ಅಣ್ಣಾ, ಖರೇ. ಆದ್ರ ಬುತ್ತಿ ಕಟಗೊಂಡು ಹೋಗ್ತಿದ್ದ್ರು. ಬಾವಿ ಕಂಡಲ್ಲಿ ನೀರ್ ಕುಡದು, ಗಿಡದ ನೆಳ್ಳಿಗಿ ಕುಂತು ಹೋಗ್ತಿದ್ದ್ರು. ನಿಮ್ಮ ಮಗಳ ಬುತ್ತಿ ಎಲ್ಲಿ ಅದ?"

"ಓಡುವಾಗ ನೀರ್ ಕುಡದ್ರ ಹೊಟ್ಟಿ ಹಿಡೀತದ."

"ಚರಿಗಿ ತುಂಬ ಒಮ್ಮೆಲೇ ಸುರಕೊಂಡ್ರ ಹಿಡೀತದ. ಗುಟುಕು ಗುಟುಕು ಕುಡದ್ರ ಹಿಡ್ಯೂದಿಲ್ಲ. ತಾಸಿಗಿಂತ ಹೆಚ್ಚು ಓಡಿದ್ರ ಬೆವರಿನ ಸಂಗಟ ಉಪ್ಪೂ ಹೋಗ್ತದಣ್ಣಾ. ಬರೇ ನೀರ್ ಅತಿ ಕುಡದ್ರೂ ಅಪಾಯ. ಉಪ್ಪು, ಸಕ್ರಿ, ನಿಂಬಿಹಣ್ಣು ಹಾಕಿದ ನೀರು, ನೀರಡಿಕಿ ಆದಷ್ಟು. ಇಷ್ಟ ಸಾಕು."

ಸಂಗಮ್ಮ ಅಡಿಗೆಮನೆಯ ಬಾಗಿಲಿಗೆ ಬಂದಳು. "ಅಕಿ ಮರೆತಿದ್ದಿಲ್ಲ ಮಹಿಬೂಬಣ್ಣ," ಎಂದಳು. ದನಿ ಸಣ್ಣಗಿತ್ತು, ನಡುಗಲಿಲ್ಲ. "ಪೂಜಾ ಆಗದ ನೀರ್ ಮುಟ್ಟಬ್ಯಾಡ ಅಂತ ನಾನೇ ಹೇಳೀನಿ. ಅದಕ್ಕ ಕುಡದಿಲ್ಲ."

ದೂರದಲ್ಲಿ ರೈಲು ಹೋಗುವ ಸದ್ದು ಕೇಳಿಸಿತು, ಮುಗಿಯಿತು.

"ಪೂಜಾ ಬಿಡು ಅಂತ ನಾ ಹೇಳೂದಿಲ್ಲ ವೈನಿ," ಎಂದ ಮಹಿಬೂಬ ಕೊನೆಗೆ. "ರಂಜಾನದಾಗ ನಾವೂ ಹಗಲೆಲ್ಲ ನೀರ್ ಮುಟ್ಟೂದಿಲ್ಲ. ಆದ್ರ ಬೆಳಕಾಗೂಕಿಂತ ಮೊದಲ ಎದ್ದು ಉಂಡು, ನೀರ್ ಕುಡದು ರೋಜಾ ಹಿಡೀತೀವಿ. ಆ ತಿಂಗಳು ಹುಡುಗೀರ ಹಿಂದ ನಾ ಸೈಕಲ್ ಮ್ಯಾಲ ಬರ್ತೀನಿ, ಓಡೂದಿಲ್ಲ. ನೋಡಿಲ್ಲೇನು?"

ಸಂಗಮ್ಮ ನೋಡಿದ್ದಳು. 'ಸೋಮಾರಿ ಮನಷ್ಯಾ' ಎಂದು ಮನಸ್ಸಿನಲ್ಲಿ ನಕ್ಕೂ ಇದ್ದಳು.

"ಬೆಳಕಾಗೂಕಿಂತ ಮೊದಲ..." ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಉಣ್ಣುವ ಮೊದಲು ಪೂಜೆ ಎಂದು ಹಿರಿಯರು ಹೇಳಿದ್ದರು. ಓಡಿ ಬಂದ ಮೇಲೆ ಪೂಜೆ ಎಂದು ಯಾರು ಹೇಳಿದ್ದರು?

"ರೂಪಾ, ಎರಡ ದಿನ ಆರಾಮ ಮಾಡು, ಮುಂದ ದಿನಾ ನಾಕಕ್ಕ ಏಳು. ನಾನೂ ಏಳ್ತೀನಿ. ಮೊದಲ ಜಳಕ, ಪೂಜಾ. ಆಮ್ಯಾಲ ತಿಂದು ಓಡು. ಬಂದು ಮತ್ತೊಮ್ಮಿ ಜಳಕ ಮಾಡು. ನೀರಿಗೇನು ಬರ ಬಂದದ?"

"ಅವ್ವಾ, ಡಬಲ್ ಜಳಕಾ? ಥಂಡಿಯಾಗ?"

"ಓಡೂದೈತೋ ಇಲ್ಲೋ?"

ವಿಶ್ವನಾಥಪ್ಪ ಗೊಣಗಿದ. ಒಪ್ಪಿದ ಎನ್ನಲಾಗದು. "ಇನ್ನೊಮ್ಮಿ ಬಿದ್ದ್ರ ಮುಗೀತು," ಎಂದ, ಅಷ್ಟೇ.

ಮೊದಲ ದಿನವೇ ತಪ್ಪಾಯಿತು. ಸಂಗಮ್ಮ ಪ್ರೀತಿಯಿಂದ ಎರಡು ರೊಟ್ಟಿ, ಎಣ್ಣೆಬದನೆಕಾಯಿ ಇಟ್ಟಳು. ರೂಪಾ ಮೂರನೆಯ ಕಿಲೋಮೀಟರಿಗೆ ವಾಂತಿ ಮಾಡಿಕೊಂಡಳು. ಮಹಿಬೂಬ ಹೇಳಿದ: ಓಟಕ್ಕೆ ಮೊದಲು ಖಾರ, ಎಣ್ಣೆ ಬೇಡ. ತಾಸು, ಒಂದೂವರೆ ತಾಸು ಮೊದಲು ಹಗುರಾದದ್ದು ಸಾಕು. ಒಂದು ಬಾಳೆಹಣ್ಣು, ಅರ್ಧ ರೊಟ್ಟಿ, ಬೆಲ್ಲ, ಒಂದು ಗ್ಲಾಸು ನೀರು. ಓಡಿ ಬಂದ ಅರ್ಧ, ಮುಕ್ಕಾಲು ತಾಸಿನಲ್ಲಿ ಹಾಲು, ಶೇಂಗಾ, ಬೇಳೆ, ರೊಟ್ಟಿ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸರಿಯಾಗಿದೆ ಎಂದರ್ಥ. ಕಡುಹಳದಿ ಇದ್ದರೆ ಸಾಲದು. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಡಾಕ್ಟರಮ್ಮ ಗುಳಿಗೆ ಬರೆದರು. ಸಂಗಮ್ಮ ದಿನಾ ಮೆಂತ್ಯ, ರಾಜಗಿರಿ ಸೊಪ್ಪು ಹುಡುಕಿ ತಂದಳು.

ಮೂರನೆಯ ಭಾನುವಾರ ರೂಪಾ ಹದಿನೆಂಟು ಕಿಲೋಮೀಟರ್ ಓಡಿ ಬಂದು ನಿಂತೇ ಮಾತಾಡಿದಳು. ವಿಶ್ವನಾಥಪ್ಪ ಸಂಜೆ ಸಂಭಾಜಿನಗರಕ್ಕೆ ಮೂರು ಬಸ್ ಟಿಕೆಟ್ ತಂದು ಮೇಜಿನ ಮೇಲಿಟ್ಟ.

ಓಟದ ದಿನ ಲಾಡ್ಜಿನ ರೂಮಿನಲ್ಲಿ ಅವ್ವ ಮಗಳು ನಾಲ್ಕಕ್ಕೆ ಪೂಜೆ ಮುಗಿಸಿದರು. ಲಾಡ್ಜಿನವರು ಕೊಟ್ಟ ಸಮೋಸವನ್ನು ರೂಪಾ ಮುಟ್ಟಲಿಲ್ಲ. ಓಟದ ದಿನ ಹೊಸದೇನೂ ತಿನ್ನಬಾರದು. ಅದೇ ಬಾಳೆಹಣ್ಣು, ಅದೇ ಅರ್ಧ ರೊಟ್ಟಿ. ಓಟ ಶುರುವಾದದ್ದು ಆರಕ್ಕೆ.

ಹದಿನಾಲ್ಕನೆಯ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ಸಂಗಮ್ಮ ಬಾಟಲಿ ಹಿಡಿದು ನಿಂತಳು. ಎಳೆಬಿಸಿಲು ಬೀಳತೊಡಗಿತ್ತು. ರೂಪಾ ಬಂದಳು. ಕಣ್ಣು ಕೈಗಡಿಯಾರದ ಮೇಲೆ. ಬೇಡವೆಂದು ಕೈ ಬೀಸಿದಳು. ಹೊತ್ತು ಹೋಗುತ್ತದೆ ಎಂಬ ಆತುರ.

ಸಂಗಮ್ಮ ಸೆರಗು ಸಿಕ್ಕಿಸಿ ಮಗಳ ಪಕ್ಕದಲ್ಲೇ ಓಡಿದಳು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. "ಕುಡಿ! ಪೂಜಾ ಆಗ್ಯಾದ, ಕುಡಿ!"

ರೂಪಾ ನಕ್ಕಳು. ಬಾಟಲಿ ತೆಗೆದುಕೊಂಡು ನಾಲ್ಕು ಗುಟುಕು ಕುಡಿದು ತಿರುಗಿ ಕೊಟ್ಟಳು. ಸಂಗಮ್ಮ ಏದುಸಿರು ಬಿಡುತ್ತ ರಸ್ತೆಯಂಚಿಗೆ ನಿಂತು, ಮಗಳ ಬಿಳಿ ಅಂಗಿ ಮರೆಯಾಗುವವರೆಗೂ ನೋಡಿದಳು. ಮಗಳು ಬೀಳಲಿಲ್ಲ.

ಒಂದು ತಾಸು ಮೂವತ್ತೆಂಟು ನಿಮಿಷ.

ಮುಗಿಸಿದವರ ನಾಡಿ ನೋಡುತ್ತಿದ್ದ ನರ್ಸ್ ಬಂದು ಕೇಳಿದಳು: "ಕೊನೆಯ ಸಲ ನೀರು ಕುಡಿದದ್ದು ಯಾವಾಗ?"

ರೂಪಾ ಈ ಸಲ ಗೋಡೆ ಹುಡುಕಲಿಲ್ಲ. "ಹದಿನಾಲ್ಕನೇದಕ್ಕ ಅವ್ವ ಕೊಟ್ಟಳು. ಹದಿನೆಂಟನೇದಕ್ಕ ನಾನೇ ತಗೊಂಡೆ."

ವಿಶ್ವನಾಥಪ್ಪ ಶೇಂಗಾ, ಬೆಲ್ಲದ ಗಂಟು ಬಿಚ್ಚಿದ. "ತಗೋ, ಬುತ್ತಿ," ಎಂದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಸುಕಿನಲ್ಲಿ ಶೂ ಕಟ್ಟುವವರು ಇರಬಹುದು. ಒಂದು ಲೀಟರ್ ಶುದ್ಧ ನೀರಿಗೆ ಚಹಾದ ಸಣ್ಣ ಚಮಚದಲ್ಲಿ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು, ಒಂದು ನಿಂಬೆಹಣ್ಣು ಹಾಕಿ ಅವರ ಕೈಗೆ ಕೊಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮೊದಲು ಡಾಕ್ಟರನ್ನು ಕೇಳಲಿ. ತಲೆ ತಿರುಗಿದರೆ, ಮಾತು ತೊದಲಿದರೆ ಓಟ ನಿಲ್ಲಿಸಿ ನೆರಳಿಗೆ ಕರೆತನ್ನಿ, ತಡಮಾಡದೆ ದವಾಖಾನೆಗೆ ಒಯ್ಯಿರಿ. ನಿಮ್ಮ ನೇಮ ಯಾವುದೇ ಇರಲಿ, ಬಿಡಬೇಡಿ. ಅದಕ್ಕಾಗಿ ಒಂದು ತಾಸು ಮೊದಲು ಏಳಿ. ಓಡುವವರು ಹೊಸ್ತಿಲು ದಾಟುವ ಮುನ್ನ ಆ ಡಾಕ್ಟರಮ್ಮನ ಪ್ರಶ್ನೆಯನ್ನು ನೀವೇ ಕೇಳಿ. ದವಾಖಾನೆಯಲ್ಲಿ ಬೇರೆಯವರು ಕೇಳುವಂತಾಗಬಾರದು.